ಭೀಮಪ್ಪ ಎಂದು ಬರೆಸಿದವನು ನಾನು

ಗಂಡ ಗಟ್ಟಿಮುಟ್ಟಾಗಿ ಬದುಕಿರುವಾಗಲೇ ಒಬ್ಬ ಹೆಣ್ಣುಮಗಳನ್ನು, ಎಂದೋ ಸತ್ತುಹೋದ ಒಂದು ಟಗರಿನ ಹೆಂಡತಿ ಎಂದು ಕಂಪ್ಯೂಟರಿನಲ್ಲಿ ಬರೆಸಿದವನು ನಾನು. ಬರೆಸಿ, ಆ ತಪ್ಪು ಇನ್ನೊಬ್ಬಳ ತಲೆಗೆ ಬಂದಾಗ ಬಾಯಿ ಮುಚ್ಚಿಕೊಂಡು ಕುಳಿತವನೂ ನಾನೇ.

ನಂಬುವುದಿಲ್ಲ ಅಲ್ಲವೇ? ನಂಬಬೇಡಿ, ನೋಡೋಣ. ನನ್ನ ಮಾತು ನಂಬಿ ಕೆಟ್ಟವರ ಸಾಲು ಮುನವಳ್ಳಿಯ ಬಸ್ ನಿಲ್ದಾಣದವರೆಗೆ ನಿಲ್ಲುತ್ತದೆ. ಒಮ್ಮೆ ಮದುವೆಗೆ ಹೊರಟ ಒಂದು ಟ್ರ್ಯಾಕ್ಟರ್ ಮಂದಿಯನ್ನು ದಾರಿ ತಪ್ಪಿಸಿ ಬೇರೆಯವರ ಮದುವೆಗೆ ಕಳಿಸಿ, ಅಲ್ಲಿ ಹೊಟ್ಟೆ ತುಂಬ ಉಣಿಸಿ, ಆಮೇಲೆ ಸರಿಯಾದ ಮದುವೆಗೆ ಕರೆತಂದು ಎರಡನೆಯ ಸಲ ಉಣ್ಣಲು ಕೂರಿಸಿದ್ದೇನೆ. ಪಾಪ, ಬೀಗರಿಗೆ ಬೇಜಾರಾಗಬಾರದೆಂದು ಎರಡನೆಯ ಸಲವೂ ಉಂಡರು. ಈ ದಂಡೆಯಲ್ಲಿ ಅಂಥ ಕೆಲಸ ಮಾಡಬಲ್ಲವನು ನನ್ನನ್ನು ಬಿಟ್ಟರೆ ಇನ್ನೊಬ್ಬ ಹುಟ್ಟಿಲ್ಲ. ಎಪ್ಪತ್ತನಾಲ್ಕು ವರ್ಷ ಈ ಹೆಸರನ್ನು ಜೋಪಾನವಾಗಿ ಕಾಯ್ದುಕೊಂಡು ಬಂದಿದ್ದೇನೆ. ಬಾಳಪ್ಪ ಅಂದರೆ ಮಂದಿ ಮೊದಲು ನಗುತ್ತಾರೆ, ಆಮೇಲೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.

ಇದನ್ನು ಬರೆಯುತ್ತಿರುವುದು ಜಂಬಕ್ಕಲ್ಲ. ಬರುವ ಸೋಮವಾರ ನಮ್ಮ ಗ್ರಾಮಸಭೆ ಇದೆ. ನಮ್ಮೂರ ಕಂಪ್ಯೂಟರ್ ಕೇಂದ್ರವನ್ನು ನಡೆಸುವ ರೇಣುಕಾ ಇಲ್ಲೇ ಮುಂದುವರಿಯಬೇಕೋ, ಬೇಜವಾಬ್ದಾರಿ ಕೆಲಸ ಮಾಡಿದಳೆಂದು ಮನೆಗೆ ಹೋಗಬೇಕೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಅವಳು ಮಾಡಿದಳೆನ್ನುವ ಆ ಬೇಜವಾಬ್ದಾರಿ ಕೆಲಸ — ಅದು ನನ್ನದು.

ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿನ ದಂಡೆಯ ಮೇಲೆ ನಮ್ಮೂರು. ಅರ್ಧ ಊರು ಹೊಲದ್ದು, ಅರ್ಧ ಊರು ನೀರಿನದು. ನಾನು ಹೊಲದ ಕಡೆಯವನಾದರೂ ನೌಕರಿ ನೀರಿನದೇ ಸಿಕ್ಕಿತು — ಕಾಲುವೆಯ ಗೇಟು ಎತ್ತಿ ಇಳಿಸುವುದು. ನಮ್ಮಂಥವರು ಕೂರಲು ದಂಡೆಯ ಮೇಲೆ ಹಳದಿ ಬಣ್ಣದ ಒಂದು ಖೋಲಿ ಇತ್ತು. ನಾನು ರಿಟೈರ್ ಆದ ಮೇಲೆ ಅದು ಬಹಳ ವರ್ಷ ಬಾವಲಿಗಳ ಪಾಲಾಗಿತ್ತು. ಆಮೇಲೆ ಅದಕ್ಕೆ ಸುಣ್ಣ ಬಳಿದು, ಎರಡು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟು, ಮಾಡಿನ ಮೇಲೆ ಸೋಲಾರ್ ಫಲಕ ಕೂರಿಸಿದರು. ನೇಸರಗಿಯಿಂದ ಒಂದು ಹುಡುಗಿಯನ್ನು ತಂದು ಕೂರಿಸಿದರು. ಅವಳೇ ರೇಣುಕಾ. ನಾನು ಮಾತ್ರ ಹಳೆಯ ಹಕ್ಕಿನಂತೆ ಹೊರಗಿನ ಕಟ್ಟೆಯ ಮೇಲೆ ಕುಳಿತೇ ಇದ್ದೆ. ಸರಕಾರ ಬದಲಾದರೂ ಕಟ್ಟೆ ನನ್ನದೇ.

ಅವಳು ಬರುವ ಮೊದಲು ಒಂದು ಅರ್ಜಿ ಹಾಕಲು ನಮ್ಮ ಮಂದಿ ಬುತ್ತಿ ಕಟ್ಟಿಕೊಂಡು ಸವದತ್ತಿಗೆ ಹೋಗುತ್ತಿದ್ದರು. ನೆಟ್‌ವರ್ಕ್ ಇಲ್ಲ ಅನ್ನಿಸಿಕೊಂಡು ವಾಪಸು ಬಂದು, ಮರುದಿನ ಮತ್ತೆ ಬುತ್ತಿ ಕಟ್ಟುತ್ತಿದ್ದರು. ನಮ್ಮಲ್ಲೂ ನೆಟ್‌ವರ್ಕ್ ದೊಡ್ಡ ದೊರೆಯೇನಲ್ಲ. ಗಾಳಿ ಆ ದಂಡೆಯಿಂದ ಬೀಸಿದರೆ ಬರುತ್ತದೆ, ಈ ದಂಡೆಯಿಂದ ಬೀಸಿದರೆ ಹೋಗುತ್ತದೆ ಎಂದು ನಾನು ಎಲ್ಲರನ್ನೂ ನಂಬಿಸಿದ್ದೆ. ರೇಣುಕಾ ಮಾತ್ರ ನಂಬಲಿಲ್ಲ. ಫೋನು ಕೈಯಲ್ಲಿ ಹಿಡಿದು ಏರಿಯ ಮೇಲೆ ನಡೆಯುತ್ತ ಹೋಗಿ, ಎಲ್ಲಿ ಸಿಗ್ನಲ್ ನಿಲ್ಲುತ್ತದೋ ಅಲ್ಲಿ ಒಂದು ಕಲ್ಲಿಗೆ ಸುಣ್ಣ ಬಳಿದು ಬಂದಳು. ಇವತ್ತಿಗೂ ಮಂದಿ ಆ ಕಲ್ಲಿನ ಹತ್ತಿರ ನಿಂತು ಮಾತಾಡುತ್ತಾರೆ.

ನನಗೆ ಅವಳು ಮಾಡಿದ್ದನ್ನು ಹೇಳದಿದ್ದರೆ ನಾನು ಮನುಷ್ಯನೇ ಅಲ್ಲ. ರಾಮದುರ್ಗದಲ್ಲಿ ನನ್ನ ತಂಗಿ ಇದ್ದಾಳೆ. ಕಾಲು ಬಿದ್ದುಹೋಗಿ ಹಾಸಿಗೆ ಹಿಡಿದವಳು. ನನಗೂ ಬಸ್ಸು ಹತ್ತಿದರೆ ತಲೆ ತಿರುಗುತ್ತದೆ. ನಾಲ್ಕು ವರ್ಷ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಒಂದು ದಿನ ರೇಣುಕಾ ಕರೆದು ಕುರ್ಚಿಯ ಮೇಲೆ ಕೂರಿಸಿದಳು. ಕಂಪ್ಯೂಟರಿನ ಗಾಜಿನೊಳಗೆ ನನ್ನ ತಂಗಿ ಕುಳಿತಿದ್ದಳು! ತಂಗಿಯೇ ಮೊದಲು ಬಾಯಿಬಿಟ್ಟಳು — “ಯಣ್ಣಾ, ಮೀಸಿ ಯಾಕ ಅಷ್ಟ ಸಣ್ಣ ಮಾಡ್ಸೀದಿ?” ಅಂದಳು. ಆವತ್ತಿನಿಂದ ವಾರಕ್ಕೊಮ್ಮೆ ನಾವಿಬ್ಬರೂ ಜಗಳಾಡುತ್ತೇವೆ. ಈಗ ಬರೆಯುತ್ತಿರುವ ಈ ಅಕ್ಷರಗಳನ್ನು ಒತ್ತಲು ಕಲಿಸಿದವಳೂ ಅವಳೇ. ಒಂದು ಒತ್ತಕ್ಷರ ಮೂಡಿಸಲು ನಾನು ಹನ್ನೊಂದು ಸಲ ತಪ್ಪಿದರೆ ಹನ್ನೆರಡನೆಯ ಸಲವೂ ನಗದೆ ಹೇಳಿಕೊಡುತ್ತಿದ್ದಳು. ಅಂಥವಳಿಗೆ ನಾನು ಮಾಡಿದ್ದು —

ಇರಲಿ. ಕ್ರಮವಾಗಿ ಹೇಳುತ್ತೇನೆ.

ನೀರಿನ ಕಡೆಯ ಮನೆತನಗಳ ಹೆಸರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಬಂತು. ಹಿನ್ನೀರಿನಲ್ಲಿ ಬಲೆ ಹಾಕಲು ಅವರಿಗೆ ಒಂದು ಪಾಸು ಇರುತ್ತದೆ. ಅದು ಗಂಡನ ಹೆಸರಿನಲ್ಲಿರುತ್ತದೆ. ಗಂಡ ಹೋದರೆ ಹೆಂಡತಿಗೆ ಬರುತ್ತದೆ. ಗಂಡಸರ ಹೆಸರು ಹಳೆಯ ಪುಸ್ತಕದಿಂದ ಮೊದಲೇ ಏರಿದ್ದವು. ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ಹೆಸರು, ಗಂಡನ ಹೆಸರು ಬರೆಸಬೇಕಿತ್ತು.

ಅಲ್ಲೇ ಗಾಡಿ ನಿಂತಿತು. ನಮ್ಮ ಕಡೆಯ ಹಿರಿಯ ಹೆಂಗಸರು ಗಂಡನ ಹೆಸರು ಬಾಯಿಂದ ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯಕ್ಕೆ ಕುಂದು. ಮದುವೆ, ಸೀಮಂತದಲ್ಲಿ ಬಹಳ ಕಾಡಿದರೆ ಪದ ಕಟ್ಟಿ, ಪ್ರಾಸದ ಸಂದಿಯಲ್ಲಿ ಹೆಸರು ಅಡಗಿಸಿ ಒಡಪು ಹೇಳುತ್ತಾರೆ. ರೇಣುಕಾ ಬೇರೆ ದಾರಿ ಕಾಣದೆ, ಒಡಪನ್ನಾದರೂ ಹೇಳಿ ಎಂದಳು. ಒಬ್ಬ ಮುದುಕಿ ಶುರುಮಾಡಿದಳು: ಸವದತ್ತಿಯ ಗುಡ್ಡ ಹತ್ತಿ, ಇಳಿದು, ಬಾಳೆಯ ತೋಟ ಸುತ್ತಿ, ಮಲಪ್ರಭೆ ದಾಟಿ ಗಂಡನ ಹೆಸರಿನ ಹತ್ತಿರ ಬರುವುದರೊಳಗೆ ಕರೆಂಟು ಹೋಯಿತು.

ಆಗ ಕಟ್ಟೆಯಿಂದ ನಾನು ಕೈ ಎತ್ತಿದೆ. ಊರಿನ ಎಲ್ಲರ ಹೆಸರೂ ನನಗೆ ಗೊತ್ತು. ಮೂರು ತಲೆಮಾರು ಹಿಂದಕ್ಕೂ ಗೊತ್ತು. ಹೆಂಗಸರು ತಮ್ಮ ಹೆಸರು ಹೇಳಿ, ಸೆರಗು ಎಳೆದುಕೊಂಡು ಮೆಟ್ಟಿಲು ಇಳಿದು ಆಚೆ ನಿಲ್ಲುತ್ತಿದ್ದರು. ರೇಣುಕಾ ಕಿಟಕಿಯೊಳಗಿಂದ ಕೇಳುತ್ತಿದ್ದಳು. ಕಿಟಕಿಯ ಹೊರಗಿಂದ ನಾನು ಗಂಡನ ಹೆಸರು ಹೇಳುತ್ತಿದ್ದೆ. ಮಕ್ಕಳ ಕೈಯಲ್ಲಿ ಚೀಟಿ ಬರೆಸಿ ತಂದ ಕೆಲವರದನ್ನು ಮಾತ್ರ ಅವಳು ನನ್ನನ್ನು ಕೇಳದೆ ಬರೆದುಕೊಳ್ಳುತ್ತಿದ್ದಳು. ಹೀಗೆ ನಾನು ಇಡೀ ದಂಡೆಯ ಗಂಡಂದಿರ ಹೆಸರು ಹೇಳುವವನಾದೆ. ಇಷ್ಟು ದೊಡ್ಡ ಹುದ್ದೆ ಕಾಲುವೆ ನೌಕರಿಯಲ್ಲೂ ನನಗೆ ಸಿಕ್ಕಿರಲಿಲ್ಲ.

ನೀಲವ್ವ ಬಂದದ್ದು ಕೊನೆಗೆ. ನನ್ನ ಗೆಳೆಯ ಯಮನಪ್ಪನ ಹೆಂಡತಿ. ಯಮನಪ್ಪ ನನಗಿಂತ ಮೂರು ತಿಂಗಳು ದೊಡ್ಡವನು, ಹಾಗಾಗಿ ಅವಳು ನನಗೆ ವೈನಿ, ಅತ್ತಿಗೆ. ನಾನು ಮೀನು ಮುಟ್ಟದವನೆಂದು ಅವರ ಮನೆಯಲ್ಲಿ ನನಗಾಗಿಯೇ ಬೇರೆ ಗಡಿಗೆ, ಬೇರೆ ಪಲ್ಯ. ನಲವತ್ತು ವರ್ಷ ಆ ಕೈಯ ರೊಟ್ಟಿ ತಿಂದಿದ್ದೇನೆ.

ಯಮನಪ್ಪ ಹರೆಯದಲ್ಲಿ ಒಂದು ಟಗರು ಸಾಕಿದ್ದ. ಕಾಳಗದ ಟಗರು. ಹೆಂಡತಿಗೆ ಹಾಲಿಲ್ಲದಿದ್ದರೂ ಅದಕ್ಕೆ ಹಾಲು, ಹುರುಳಿ, ಕೋಳಿತತ್ತಿ. ಹೊರಗಿನವರಿಗೆ ಅದು ಯಮನಪ್ಪನ ಟಗರು. ಮನೆಯೊಳಗೆ ಮಾತ್ರ ಅದಕ್ಕೆ ಭೀಮಪ್ಪ ಎಂದು ಹೆಸರಿತ್ತು. ಆ ಭೀಮಪ್ಪ ನನ್ನ ಟಗರನ್ನು ಮೂರೇ ಗುದ್ದಿಗೆ ಕೆಡವಿದ್ದ. ಅಂದಿನಿಂದ ನಾನು ಉಣ್ಣಲು ಕುಳಿತಾಗಲೆಲ್ಲ ವೈನಿಯನ್ನು ಕೆಣಕುತ್ತಿದ್ದೆ: ಈ ಮನೆಯ ಯಜಮಾನ ಭೀಮಪ್ಪ, ಯಮನಪ್ಪ ಅವನ ಆಳು ಎಂದು. ಅವಳು ಸೌಟು ಎತ್ತುತ್ತಿದ್ದಳು. ಟಗರು ಸತ್ತು ಎಷ್ಟೋ ಕಾಲವಾದರೂ ಆ ಚೇಷ್ಟೆ ಸತ್ತಿರಲಿಲ್ಲ.

ಆ ದಿನ ನೀಲವ್ವ ತನ್ನ ಹೆಸರು ಹೇಳಿ ಮೆಟ್ಟಿಲಿಳಿದು, ಬೆನ್ನು ತಿರುಗಿಸಿ ನೀರು ನೋಡುತ್ತ ನಿಂತಳು. ಕಟ್ಟೆಯ ಮೇಲೆ ನನ್ನ ಪಕ್ಕ ಟಗರಿನ ಕಾಳಗದ ಇಬ್ಬರು ಹಳೆಯ ದೋಸ್ತಿಗಳು ಕುಳಿತಿದ್ದರು. ಒಬ್ಬ ಈಗಿಲ್ಲ, ಇನ್ನೊಬ್ಬ ಕಿತ್ತೂರಿನಲ್ಲಿ ಮಗಳ ಮನೆ ಸೇರಿದ್ದಾನೆ. ಕಿಟಕಿಯಿಂದ ರೇಣುಕಾ ಕೇಳಿದಳು:

“ಅಜ್ಜಾರ, ಇವರ ಯಜಮಾನ್ರ ಹೆಸರ ಏನ್ರಿ?”

“ಭೀಮಪ್ಪ ಅಂತ ಬರಿಯವ್ವಾ.”

ಪಕ್ಕದ ಇಬ್ಬರೂ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕರು. ನಗುವವರು ಪಕ್ಕದಲ್ಲಿ ಕುಳಿತಿರುವಾಗ ಆಡಿದ ಮಾತನ್ನು ಹಿಂದಕ್ಕೆ ನುಂಗುವುದು ನನ್ನಂಥವನಿಗೆ ಬಹಳ ಕಷ್ಟ. ನನ್ನ ಕಟ್ಟೆಯಲ್ಲಿ ನಗು ದಿನವೂ ಇದ್ದದ್ದೇ. ರೇಣುಕಾ ತಲೆ ಎತ್ತಲಿಲ್ಲ. ಬರೆದಳು. ನೀಲವ್ವ ಒಳಗೆ ಬಂದು ಸಹಿ ಮಾಡಿದಳು. ಅಕ್ಷರ ಬಲ್ಲವಳೇ, ಸಾವಕಾಶವಾಗಿ ಓದುತ್ತಾಳೆ, ಕನ್ನಡಕ ಮನೆಯಲ್ಲಿತ್ತು. ನಾನು ಸಂಜೆಯೊಳಗೆ ರೇಣುಕಾಳಿಗೆ ಹೇಳಿ ತಿದ್ದಿಸಿಬಿಡಬೇಕು ಎಂದುಕೊಂಡೆ. ನಿಜವಾಗಿ ಅಂದುಕೊಂಡಿದ್ದೆ. ಆಮೇಲೆ ಚಹಾ ಕುಡಿಯಲು ಹೋದೆ, ಆಮೇಲೆ ಮಳೆ ಬಂತು, ಆಮೇಲೆ —

ಆಮೇಲೆ ಎರಡು ವರ್ಷ ಕಳೆಯಿತು.

ಯಮನಪ್ಪ ಹೋದ. ಎರಡು ದಿನ ಎದೆನೋವು ಅಂದ, ಮೂರನೆಯ ದಿನ ಇರಲಿಲ್ಲ. ಅವನ ಬಗ್ಗೆ ಹೆಚ್ಚು ಬರೆಯಲಾರೆ. ನನ್ನ ಚೇಷ್ಟೆಗಳಲ್ಲಿ ಅರ್ಧ ಅವನನ್ನು ನಗಿಸಲೆಂದೇ ಮಾಡಿದವು, ಅಷ್ಟು ಸಾಕು.

ತಿಥಿಯ ದಿನಗಳೆಲ್ಲ ಮುಗಿದ ಮೇಲೆ ನೀಲವ್ವ ಪಾಸು ತನ್ನ ಹೆಸರಿಗೆ ಮಾಡಿಸಲು ಕೇಂದ್ರಕ್ಕೆ ಬಂದಳು. ಮುಂಗಾರು ಶುರುವಾಗಿತ್ತು, ನೀರು ಏರಿ ಹೊಸ ಮೀನು ಬಿಡುವ ಕಾಲ, ಆಗಲೇ ಪಾಸು ಕೈಯಲ್ಲಿರಬೇಕು. ಅವಳು ಬರೇ ಮೀನು ಮಾರುವವಳಲ್ಲ. ಹರಗೋಲು ನಡೆಸುವುದು, ಬಲೆ ಬೀಸುವುದು ಎಲ್ಲದರಲ್ಲೂ ಯಮನಪ್ಪನಿಗೆ ಒಂದು ಕೈ ಮೇಲೆ. ಕೇಂದ್ರದ ತುಂಬ ಮಂದಿ ಇದ್ದರು. ರೇಣುಕಾ ಗುಂಡಿಗಳನ್ನು ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಕಂಪ್ಯೂಟರ್ ಪ್ರಕಾರ ಯಮನಪ್ಪನಿಗೆ ಮದುವೆಯೇ ಆಗಿರಲಿಲ್ಲ. ಈ ನೀಲವ್ವ ಬೇರೆ ಯಾರದೋ ಹೆಂಡತಿ.

ರೇಣುಕಾ ಕಂಪ್ಯೂಟರಿನ ಗಾಜನ್ನು ತನ್ನ ಕಡೆ ತಿರುಗಿಸಿಕೊಂಡಳು. ನೀಲವ್ವನ ಮುಂದೆ ಆ ಹೆಸರನ್ನು ಓದಲಿಲ್ಲ ಅವಳು — ಗಂಡ ಸತ್ತು ತಿಂಗಳಾದವಳ ಮುಂದೆ ಇನ್ನೊಬ್ಬ ಗಂಡಸಿನ ಹೆಸರು ಓದುವುದು ಹೇಗೆ? ಬೇರೆ ಹೆಸರು ಬಿದ್ದಿದೆ ಎಂದಷ್ಟೇ ಹೇಳಿದಳು. ಹಿಂದೆ ನಿಂತವರಲ್ಲಿ ಗುಸುಗುಸು ಎದ್ದಿತು. ಯಾರೋ, ಹೊರಗಿನ ಹುಡುಗಿಯರನ್ನು ತಂದು ಕೂರಿಸಿದರೆ ಆಗುವುದೇ ಇದು ಎಂದರು. ರೇಣುಕಾ ಕಿಟಕಿಯ ಹತ್ತಿರ ಬಂದಳು. ನಾನು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದೆ.

“ಅಜ್ಜಾರ, ಆವತ್ತ ಇವರ ಯಜಮಾನ್ರ ಹೆಸರ ನಾ ನಿಮ್ಮನ್ನ ಕೇಳಿದ್ನೇನ್ರಿ?”

ಅವಳು ನನ್ನನ್ನು ಸಿಕ್ಕಿಸಲು ಕೇಳಿದ್ದಲ್ಲ. ತನ್ನ ನೆನಪನ್ನು ಹುಡುಕುತ್ತ ಕೇಳಿದಳು. ಕಣ್ಣಲ್ಲಿ ಒಂದು ಚೂರೂ ಸಂಶಯ ಇರಲಿಲ್ಲ. ಇದ್ದಿದ್ದರೆ ಬಹುಶಃ ನಾನು —

“ನೆನಪಿಲ್ಲ ಬಿಡವ್ವಾ,” ಅಂದೆ.

ಚೇಷ್ಟೆ ಮಾಡಿದ್ದು ಒಂದು. ಇದು ಇನ್ನೊಂದು. ಮೊದಲನೆಯದಕ್ಕೆ ಈ ಊರು ಅರ್ಧ ನಕ್ಕು, ಅರ್ಧ ಬೈದು ನನ್ನನ್ನು ಬಿಟ್ಟುಬಿಡುತ್ತಿತ್ತು. ಈ ಎರಡನೆಯದಕ್ಕೆ ಹೆಸರು ಚೇಷ್ಟೆಯಲ್ಲ.

ಅವಳು ಒಳಗೆ ಹೋಗಿ, ಅಷ್ಟೂ ಮಂದಿಯ ಮುಂದೆ ಬಗ್ಗಿ ನೀಲವ್ವನ ಕಾಲು ಮುಟ್ಟಿದಳು. “ನಂದ ತಪ್ಪ ಆಗೇತ್ರಿ ಅಮ್ಮಾರ. ಮೊದ್ಲ ಬಂದವರ ಹೆಸರ ಅಳಿಸ್ದ ಹಂಗ ಬಿಟ್ಟೇನಿ ಕಾಣಸ್ತೈತಿ. ನಾನಽ ಸರಿ ಮಾಡಿ ಕೊಡ್ತೇನಿ,” ಅಂದಳು. ಅದನ್ನೇ ಕಾಗದದ ಮೇಲೆ ಬರೆದು ಸಹಿ ಮಾಡಿ ಪಂಚಾಯಿತಿಗೂ ಕೊಟ್ಟಳು. ಯಾರೂ ಕೇಳಿರಲಿಲ್ಲ, ಪ್ರಾಮಾಣಿಕಳು, ಕೊಟ್ಟಳು. ಒಂದು ವರ್ಷ ಪಂಚಾಯಿತಿಯ ಕಪಾಟಿನಲ್ಲಿದ್ದ ಆ ಕಾಗದ ಈಗ ಹೊರಗೆ ಬಂದಿದೆ; ಸೋಮವಾರದ ಸಭೆಯಲ್ಲಿ ಅವಳ ಮೇಲೆ ಇರುವ ಸಾಕ್ಷಿ ಅದೊಂದೇ.

ಆ ಮುಂಗಾರಿನಲ್ಲಿ ನೀಲವ್ವನ ಹರಗೋಲು ದಂಡೆಯ ಮೇಲೆ ಬೋರಲಾಗಿ ಬಿದ್ದಿತ್ತು. ನೀರು ತುಂಬಿ ಅದರ ಅಂಚಿನವರೆಗೂ ಬಂತು. ಉಳಿದವರೆಲ್ಲ ಬಲೆ ಬಿಟ್ಟರು. ಅವಳು ಬೇರೆಯವರ ಹೊಲಕ್ಕೆ ಕಳೆ ತೆಗೆಯಲು ಹೋದಳು — ಅರವತ್ತೈದು ವರ್ಷದವಳು, ಹೊಲದ ಕೆಲಸ ಎಂದೂ ಮಾಡದವಳು. ಸಂಜೆ ವಾಪಸು ಬರುವಾಗ ನನ್ನ ಕಟ್ಟೆಯ ಮುಂದೆಯೇ ಹೋಗಬೇಕು. ಅವಳ ಸೊಂಟ ನೆಟ್ಟಗಾಗುತ್ತಿರಲಿಲ್ಲ. ನಾನು ಆ ಹೊತ್ತಿಗೆ ಕಟ್ಟೆ ಬಿಟ್ಟು ಎದ್ದುಹೋಗುವುದನ್ನು ಕಲಿತೆ.

ರೇಣುಕಾ ತನ್ನ ರಜೆಯ ದಿನಗಳಲ್ಲೆಲ್ಲ ಬಸ್ಸು ಹತ್ತಿ ಸವದತ್ತಿಗೆ ಹೋದಳು. ಈ ಕಾಗದ ತಾ ಅಂದರೆ ಅದು ತಂದಳು, ಆ ಕಾಗದ ತಾ ಅಂದರೆ ಅದನ್ನೂ ತಂದಳು. ಕೊನೆಗೆ, ಈ ನೀಲವ್ವ ಯಮನಪ್ಪನ ಹೆಂಡತಿಯೇ ಹೌದೆಂದು ಊರಿನ ಹಿರಿಯರೊಬ್ಬರು ಬಂದು ಸಾಕ್ಷಿ ಹೇಳಬೇಕಾಯಿತು. ಯಾರನ್ನು ಕರೆದಳು ಹೇಳಿ? ನನ್ನನ್ನೇ. ಬಸ್ಸಿನಲ್ಲಿ ತಲೆ ತಿರುಗುತ್ತದೆಂದು ನನಗೆ ಕಿಟಕಿಯ ಪಕ್ಕ ಜಾಗ ಹಿಡಿದು, ನಿಂಬೆಹಣ್ಣು ತಂದು ಕೈಯಲ್ಲಿಟ್ಟಳು. ಕಚೇರಿಯಲ್ಲಿ ನಾನು ಎದೆ ಎತ್ತಿ ನಿಂತು, ಇವರ ಮದುವೆಯಲ್ಲಿ ಉಂಡವನು ನಾನು ಎಂದೆ. ಸಹಿ ಮಾಡಿದೆ. ಇಂಥ ಹಿರಿಯರು ಇರಬೇಕು ಊರಿಗೆ ಎಂದು ಅಲ್ಲಿಯ ಗುಮಾಸ್ತರು ಹೊಗಳಿದರು. ಆ ಹೊಗಳಿಕೆಯನ್ನೂ ನಾನು ಇಟ್ಟುಕೊಂಡೆ.

ಆಮೇಲೆ ಗುಮಾಸ್ತರು ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಗಂಡನ ಹೆಸರು ಭೀಮಪ್ಪ ಎಂದು ತಪ್ಪಾಗಿ ದಾಖಲಾಗಿರುವುದನ್ನು ಯಮನಪ್ಪ ಎಂದು ತಿದ್ದಬೇಕಾಗಿ —

ನೀಲವ್ವ ಆ ಹೆಸರನ್ನು ಕೇಳಿದ್ದು ಅದೇ ಮೊದಲು. ಅವಳು ಗುಮಾಸ್ತರ ಕಡೆ ನೋಡಲಿಲ್ಲ. ರೇಣುಕಾಳ ಕಡೆ ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ನಲವತ್ತು ವರ್ಷ ಉಣ್ಣಲು ಬಡಿಸಿದವಳು, ಇವನು ಯಾರು ಎಂಬಂತೆ ನೋಡಿದಳು.

ವಾಪಸು ಬರುವಾಗ ಮುನವಳ್ಳಿಯಲ್ಲಿ ಬಸ್ಸು ನಿಂತಿತು. ರೇಣುಕಾ ನಮ್ಮಿಬ್ಬರಿಗೂ ಚಹಾ ತರಲೆಂದು ಇಳಿದಳು. ನೀಲವ್ವ ಮುಂದಿನ ಸೀಟಿನಿಂದ ತಿರುಗದೆಯೇ ಮಾತಾಡಿದಳು.

“ಬಾಳಪ್ಪಣ್ಣಾ, ಭೀಮಪ್ಪ ಯಾರಂತ ಈಗ ಜೀವಂತ ಇದ್ದವರೊಳಗ ನಂಗ ಗೊತ್ತೈತಿ, ನಿಮಗ ಗೊತ್ತೈತಿ.”

ನಾನು ವೈನಿ ಎಂದಷ್ಟೇ ಅಂದೆ.

“ನಾ ಯಾರ ಮುಂದೂ ಹೇಳಂಗಿಲ್ಲ. ಅವರಿದ್ದಿದ್ರ ಇದನ್ನ ಕೇಳಿ ನಗತಿದ್ರು, ಅದಕ್ಕ ನಿಮ್ಮನ್ನ ಬಿಟ್ಟೇನಿ. ಆದ್ರ ಆ ಹುಡುಗಿ ನನ್ನ ಕಾಲ ಹಿಡದಾಳ. ಅದನ್ನ ನೀವ ಬಿಡಸ್ರಿ.”

ರೇಣುಕಾ ಕಾಗದದ ಲೋಟ ಹಿಡಿದು ಬಂದಳು. ಚಹಾ ಬಹಳ ಬಿಸಿ ಇದೆ, ಸಾವಕಾಶ ಕುಡಿಯಿರಿ ಎಂದಳು. ಕುಡಿದೆ.

ತಿದ್ದುವ ಆದೇಶ ಬಂತು. ಮುಂಗಾರು ಅಷ್ಟೊತ್ತಿಗೆ ಮುಗಿದಿತ್ತು. ಹೊಸದಾಗಿ ಹೆಸರು ಏರಿಸುವ ದಿನ ನಾನು ಕಟ್ಟೆಯ ಮೇಲಿದ್ದೆ. ರೇಣುಕಾ ಕಿಟಕಿಯ ಕಡೆ ಬರಲೇ ಇಲ್ಲ. ಇನ್ನು ಮೇಲೆ ಯಾರ ಗಂಡನ ಹೆಸರನ್ನೂ ಬೇರೆಯವರ ಬಾಯಿಂದ ಕೇಳುವುದಿಲ್ಲ ಎಂದು ನಿಶ್ಚಯ ಮಾಡಿದ್ದಳು. ನೀಲವ್ವನನ್ನು ತನ್ನ ಕುರ್ಚಿಯ ಮೇಲೆ ಕೂರಿಸಿ, ಬಾಯಿಂದ ಹೇಳಬಾರದು ಎಂದಲ್ಲವೇ ಪದ್ಧತಿ, ಬೆರಳಿಂದ ಒತ್ತಬಾರದು ಎಂದೇನಿಲ್ಲವಲ್ಲ ಎಂದಳು. ನಾವು ಯಾರೂ ಇದನ್ನು ಯೋಚಿಸಿರಲಿಲ್ಲ! ಇಷ್ಟು ವರ್ಷ, ಇಷ್ಟು ಮಂದಿ ಹಿರಿಯರು, ಇಷ್ಟು ಶಾಣ್ಯಾ ನಾನು.

ನೀಲವ್ವ ಕನ್ನಡಕ ಹಾಕಿಕೊಂಡಳು. ಯ ಹುಡುಕಿ ಒತ್ತಿದಳು. ಮ. ನ. ಕೊನೆಯ ಒತ್ತಕ್ಷರಕ್ಕೆ ಬಹಳ ಹೊತ್ತು ಹಿಡಿಯಿತು. ರೇಣುಕಾ ಕೈ ಮುಟ್ಟಲಿಲ್ಲ. ಪಕ್ಕದಲ್ಲಿ ನಿಂತು ಯಾವುದು, ಯಾವುದು ಎಂದು ತೋರಿಸುತ್ತ ಕಾಯ್ದಳು. ಗಾಜಿನ ಮೇಲೆ ಪೂರ್ತಿ ಹೆಸರು ಮೂಡಿತು. ನೀಲವ್ವ ಅದನ್ನೇ ನೋಡುತ್ತ ಕುಳಿತಳು, ಮೂಗು ಒರೆಸಿಕೊಂಡಳು.

“ಇಷ್ಟ ವರ್ಷ ಬಾಯಾಗ ಇಟ್ಕೊಂಡಿದ್ದೆ ನೋಡವ್ವಾ. ಇವತ್ತ ಬೆರಳಿಲೆ ಕರದೆ,” ಅಂದಳು.

ಈಗ ದಂಡೆಯ ಹೆಂಗಸರೆಲ್ಲ ತಮ್ಮ ಗಂಡನ ಹೆಸರು ತಾವೇ ಒತ್ತುತ್ತಾರೆ. ಕೆಲವರು ಅದೊಂದಕ್ಕಾಗಿಯೇ ಬರುತ್ತಾರೆ, ಒತ್ತುತ್ತಾರೆ, ನಗುತ್ತಾರೆ, ಅಳಿಸುತ್ತಾರೆ. ಒಬ್ಬಳು ಜಗಳವಾದ ದಿನ ಬಂದು ಗಂಡನ ಹೆಸರು ಒತ್ತಿ, ಒಂದೊಂದೇ ಅಕ್ಷರ ಅಳಿಸಿ, ಸಮಾಧಾನವಾಗಿ ಮನೆಗೆ ಹೋದಳು. ಹಾಗೆ ಶುರುಮಾಡಿದವರಲ್ಲಿ ಎಷ್ಟೋ ಮಂದಿ ಈಗ ಮೊಮ್ಮಕ್ಕಳ ಅರ್ಜಿ ತಾವೇ ತುಂಬುತ್ತಾರೆ. ನನ್ನ ಹುದ್ದೆ ಹೋಯಿತು. ಇದರಷ್ಟು ಸಂತೋಷದಿಂದ ನಾನು ಯಾವ ಹುದ್ದೆಯನ್ನೂ ಕಳೆದುಕೊಂಡಿಲ್ಲ. ಕಂಪ್ಯೂಟರ್ ಊರಿಗೆ ಬಂದದ್ದು ಸರಕಾರದಿಂದ ಇರಬಹುದು. ಈ ಹೆಂಗಸರ ಕೈಗೆ ಬಂದದ್ದು ರೇಣುಕಾಳಿಂದ. ನನ್ನ ತಪ್ಪನ್ನು ತನ್ನದೆಂದು ತಿಳಿದು, ಅದನ್ನು ತೊಳೆಯಲು ಹೋಗಿ ಅವಳು ಈ ಕೆಲಸ ಮಾಡಿದಳು. ಒಳ್ಳೆಯದಾಯಿತಲ್ಲ ಎಂದು ನಾನು ನನ್ನ ಪಾಲು ಕೇಳಲಾರೆ. ಒಳ್ಳೆಯದು ಅವಳದು, ತಪ್ಪು ನನ್ನದು. ಆ ಎರಡನ್ನೂ ಒಂದೇ ಗಂಟಿಗೆ ಕಟ್ಟುವುದಿಲ್ಲ.

ಬಸ್ಸಿನಲ್ಲಿ ನೀಲವ್ವ ಹೇಳಿ ಒಂದು ಚಳಿಗಾಲ, ಒಂದು ಬೇಸಿಗೆ ಹೋಯಿತು. ಅವಳು ಮತ್ತೆ ಆ ಮಾತು ತೆಗೆಯಲಿಲ್ಲ. ಈಗ ಪಾಸು ಕೈಗೆ ಬಂದಿದೆ, ಹರಗೋಲು ನೀರಿಗೆ ಇಳಿದಿದೆ. ದಾರಿಯಲ್ಲಿ ಸಿಕ್ಕರೆ ಊಟ ಆಯಿತೇನು ಎಂದು ಮೊದಲಿನಂತೆಯೇ ಕೇಳುತ್ತಾಳೆ. ಆದರೆ ಊಟಕ್ಕೆ ಕರೆಯುವುದಿಲ್ಲ. ನನ್ನ ಗಡಿಗೆ ಅವರ ಮನೆಯ ಗೋಡೆಯ ಮಾಡದಲ್ಲಿ ಹಾಗೇ ಇದೆಯಂತೆ. ಅವಳು ನನ್ನನ್ನು ಊರ ಮುಂದೆ ಬೆತ್ತಲೆ ಮಾಡಬಹುದಿತ್ತು. ನಾನೇ ಬಾಯಿಬಿಡಲಿ ಎಂದು ನನ್ನ ಮರ್ಯಾದೆಯನ್ನು ನನ್ನ ಕೈಯಲ್ಲೇ ಬಿಟ್ಟಿದ್ದಾಳೆ. ಅದಕ್ಕೆ ಯಾವ ಮಾತಿನಲ್ಲಿ ಉಪಕಾರ ಹೇಳಲಿ?

ಸಭೆಯ ನೋಟೀಸನ್ನು ಕೇಂದ್ರದ ಬಾಗಿಲಿಗೆ ಹಚ್ಚಿದವಳು ರೇಣುಕಾಳೇ. ತನ್ನನ್ನು ತೆಗೆಯುವ ನೋಟೀಸನ್ನು ತಾನೇ ಅಂಟಿಸಿ, ಮೂಲೆ ಎದ್ದಿದೆ ಎಂದು ಮತ್ತೊಮ್ಮೆ ಒತ್ತಿ, ಒಳಗೆ ಹೋಗಿ ಕೆಲಸಕ್ಕೆ ಕುಳಿತಳು. ಹೋಗಬೇಕಾಗಿ ಬಂದರೆ ಹೊಸಬರಿಗೆ ತೊಂದರೆಯಾಗಬಾರದೆಂದು ಯಾವ ಕಾಗದ ಎಲ್ಲಿದೆ ಎಂಬುದನ್ನೆಲ್ಲ ಬರೆದಿಡುತ್ತಿದ್ದಾಳೆ. ನಿನ್ನೆ ನನಗೆ ಹೇಳಿದಳು, ತಾನು ಇಲ್ಲದಿದ್ದರೂ ವಾರಕ್ಕೊಮ್ಮೆ ತಂಗಿಯ ಜೊತೆ ಮಾತಾಡುವುದನ್ನು ಬಿಡಬೇಡಿ ಎಂದು. ಯಾವ ಗುಂಡಿ ಮೊದಲು, ಯಾವುದು ಆಮೇಲೆ ಎಂದು ಒಂದು ಚೀಟಿ ಬರೆದು ಕೊಟ್ಟಳು.

ಆ ಚೀಟಿ ಇಸಕೊಂಡ ಮೇಲೆ ಇದನ್ನು ಬರೆಯಲು ಕುಳಿತೆ. ಅವಳದೇ ಎರಡನೆಯ ಕಂಪ್ಯೂಟರಿನಲ್ಲಿ. ಏನು ಬರೆಯುತ್ತೀರಿ ಎಂದು ಕೇಳಿದಳು, ಆತ್ಮಚರಿತ್ರೆ ಎಂದೆ. ನಕ್ಕಳು, ದೊಡ್ಡ ಪುಸ್ತಕವೇ ಆಗುತ್ತದೆ ಎಂದಳು. ಪ್ರಿಂಟ್ ತೆಗೆಯುವುದು ನನಗೆ ಬರುವುದಿಲ್ಲ. ಅವಳೇ ತೆಗೆಯಬೇಕು. ಹಾಗಾಗಿ, ಯವ್ವಾ ರೇಣುಕಾ, ಊರಿನವರಿಗಿಂತ ಮೊದಲು ಇದನ್ನು ಓದುವವಳು ನೀನು. ಆವತ್ತು ಕಿಟಕಿಯ ಹತ್ತಿರ ಬಂದು, ನಿಮ್ಮನ್ನು ಕೇಳಿದ್ದೆನೇ ಎಂದೆಯಲ್ಲ — ಕೇಳಿದ್ದೆ ನೀನು. ನನ್ನನ್ನೇ ಕೇಳಿದ್ದೆ. ಹೇಳಿದವನೂ ನಾನೇ. ನನಗೆ ಎಲ್ಲ ನೆನಪಿತ್ತು. ನೀನು ಬರೆದುಕೊಟ್ಟ ಆ ತಪ್ಪೊಪ್ಪಿಗೆಯ ಕಾಗದವನ್ನು ಸೋಮವಾರ ವಾಪಸು ಕೇಳಿ ತೆಗೆದುಕೋ. ಅದರ ಜಾಗಕ್ಕೆ ಇದನ್ನು ಇಡುತ್ತೇನೆ. ಓದಿದ ಮೇಲೆ ನನ್ನನ್ನು ಕಟ್ಟೆಯಿಂದ ಏಳಿಸಬೇಕು ಅನ್ನಿಸಿದರೆ ಏಳಿಸು. ತಕರಾರು ಮಾಡುವುದಿಲ್ಲ.

ಇನ್ನೊಂದು ಉಳಿದಿದೆ. ಇಷ್ಟು ಬರೆದ ಮೇಲೂ ಇದರಲ್ಲಿ ಒಂದು ಸುಳ್ಳು ಸೇರಿಸಿದ್ದೇನೆ, ಹಳೆಯ ಚಟ. ಸಭೆಯಲ್ಲಿ ಅದನ್ನು ಹಿಡಿದು ಯಾರಾದರೂ ನನಗೆ ರಿಯಾಯಿತಿ ಕೊಟ್ಟಾರು, ಅದು ಬೇಡ. ಆ ದಿನ ನನ್ನ ಪಕ್ಕ ಇಬ್ಬರು ಕುಳಿತು ನಕ್ಕರು ಎಂದೆನಲ್ಲ — ಯಾರೂ ಇರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಟ್ಟೆ ಖಾಲಿಯಾಗಿತ್ತು. ನೀಲವ್ವ ನೀರು ನೋಡುತ್ತಿದ್ದಳು, ರೇಣುಕಾ ಬರೆಯುತ್ತಿದ್ದಳು. ನಕ್ಕವನು ನಾನೊಬ್ಬನೇ.